ಬಡಿಯುವ ಕೈ, ಇಡುವ ಕೈ

ನಮ್ಮ ಬ್ಯಾಂಕಿನ ಶಾಖೆಗೆ ಕಂಪ್ಯೂಟರ್ ಬರುವ ಮೊದಲು ಬೆಳಿಗ್ಗೆ ಹತ್ತೂವರೆಗೆ ಒಂದು ಸದ್ದು ಶುರುವಾಗುತ್ತಿತ್ತು. ಪ್ಯಾಡಿನ ಮೇಲೆ ಟಪ್, ಚಲನ್ ಮೇಲೆ ಧಡ್. ಟಪ್, ಧಡ್. ಟಪ್, ಧಡ್. ನಾಲ್ಕು ಕೌಂಟರುಗಳಿಂದ ಏಳುತ್ತಿದ್ದ ಆ ಸದ್ದು ಮಧ್ಯಾಹ್ನ ಎರಡರ ತನಕ ನಿಲ್ಲುತ್ತಿರಲಿಲ್ಲ. 1979ರಲ್ಲಿ ಕೆಲಸಕ್ಕೆ ಸೇರಿದ ದಿನ ಹೆಡ್ ಕ್ಲರ್ಕ್ ನನಗೆ ಒಪ್ಪಿಸಿದ ಮೊದಲ ಕೆಲಸ ಲೆಕ್ಕದ್ದಲ್ಲ. ಎಲ್ಲ ಸೀಲುಗಳ ತಾರೀಕನ್ನೂ ತಿರುಗಿಸಿ ಆ ದಿನಕ್ಕೆ ತಂದಿಡುವುದು. ಸೀಲಿನ ಹೊಟ್ಟೆಯಲ್ಲಿದ್ದ ಪುಟ್ಟ ರಬ್ಬರ್ ಪಟ್ಟಿಗಳನ್ನು ಉಗುರಿನಿಂದ ಉರುಳಿಸಿ, ರದ್ದಿ ಕಾಗದದ ಮೇಲೆ ಒಂದು ಸಲ ಒತ್ತಿ ನೋಡಿ, ಸರಿಯಿದ್ದರೆ ಕೌಂಟರಿಗೆ ಕೊಡಬೇಕು. ಸಂಜೆ ಮನೆಗೆ ಹೋದರೆ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ನೇರಳೆ ಬಣ್ಣ. ಚಪಾತಿ ಹಿಟ್ಟು ಕಲಸುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು.

2014ರಲ್ಲಿ ನಿವೃತ್ತಳಾದೆ. ಕೊನೆಯ ವರ್ಷಗಳಲ್ಲಿ ಸೀಲಿನ ಕೆಲಸ ಬಹಳ ಕಡಿಮೆಯಾಗಿತ್ತು. ಆದರೂ ಮೂವತ್ತೈದು ವರ್ಷದ ಅಭ್ಯಾಸ ಮುಂಗೈಯಲ್ಲಿ ಉಳಿದುಕೊಂಡಿತ್ತು. ರಬ್ಬರ್ ಸ್ಟ್ಯಾಂಪ್ ಹಿಡಿದು ಮನೆಯಲ್ಲಿ ಕೂತು ಸಂತೋಷಕ್ಕೆ ಏನಾದರೂ ಮಾಡಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಮರುವರ್ಷ ಮಗಳ ಹೆರಿಗೆಗೆಂದು ನ್ಯೂಜೆರ್ಸಿಗೆ ಹೋದೆ. ಬಾಣಂತನದ ನಡುವೆ ಒಂದು ಶನಿವಾರ ಪಕ್ಕದ ಮನೆಯ ಹೆಂಗಸು ಕರೆದರು. ಅವರ ಗ್ಯಾರೇಜಿನಲ್ಲಿ ಉದ್ದನೆಯ ಮೇಜು ಹಾಕಿ ಆರು ಜನ ಹೆಂಗಸರು ಕೂತು ಗ್ರೀಟಿಂಗ್ ಕಾರ್ಡ್ ತಯಾರಿಸುತ್ತಿದ್ದರು. ಅಲ್ಲಿ ಇದು ದೊಡ್ಡ ಹವ್ಯಾಸ. 1988ರಲ್ಲಿ ಶುರುವಾದ ಸ್ಟ್ಯಾಂಪಿನ್ ಅಪ್ ಎಂಬ ಕಂಪನಿ ಇಂಥ ಮನೆಯ ಕೂಟಗಳ ಮೂಲಕವೇ ಸ್ಟ್ಯಾಂಪುಗಳನ್ನು ಮಾರಿ ಬೆಳೆದದ್ದು. ಮೇಜಿನ ಮೇಲೆ ಮರದ ಹಿಡಿಯ ಕೆಂಪು ರಬ್ಬರಿನವು, ಪಾರದರ್ಶಕವಾದ ಪಾಲಿಮರಿನವು, ಅಂಗೈಯಗಲದ ಮೇಪಲ್ ಎಲೆ, ಕಡಲೆಕಾಳಿನಷ್ಟು ಚಿಕ್ಕ ಹಕ್ಕಿ. ಪಾರದರ್ಶಕ ಸ್ಟ್ಯಾಂಪಿಗೆ ಹಿಡಿಯೇ ಇಲ್ಲ. ಅಕ್ರಿಲಿಕ್ ತುಂಡಿಗೆ ಅಂಟಿಸಿಕೊಂಡು ಒತ್ತಿ, ಮತ್ತೆ ಕಿತ್ತು ಹಾಳೆಯ ಮೇಲೆ ಇಟ್ಟುಬಿಡುತ್ತಾರೆ. ಗಾಜಿನಂತೆ ಆಚೆ ಕಾಣುವುದರಿಂದ ಎಲ್ಲಿ ಬೀಳುತ್ತದೆಂದು ಮೊದಲೇ ತಿಳಿಯುತ್ತದೆ. ನಮ್ಮ ಬ್ಯಾಂಕಿನ ಸೀಲಿನಲ್ಲಿ ಆ ಸುಖವಿರಲಿಲ್ಲ.

ನನ್ನ ಕೈಗೆ ಒಂದು ಗುಲಾಬಿ ಹೂವಿನ ಸ್ಟ್ಯಾಂಪ್ ಕೊಟ್ಟರು. ನನಗೆ ಬಂದದ್ದನ್ನೇ ಮಾಡಿದೆ. ಟಪ್, ಧಡ್. ಮೇಜು ಅಲುಗಿ ಪಕ್ಕದವರ ಕಾರ್ಡಿನ ಗೆರೆ ಓರೆಯಾಯಿತು. ನನ್ನ ಗುಲಾಬಿಯ ಎಸಳುಗಳ ನಡುವಿನ ಬಿಳಿ ಸಂದುಗಳೆಲ್ಲ ಶಾಯಿ ತುಂಬಿ ಮುಚ್ಚಿಹೋದವು, ಸುತ್ತಲೂ ಸ್ಟ್ಯಾಂಪಿನ ಅಂಚಿನ ಕಲೆ. ಇನ್ನೊಂದು ಒತ್ತಿದೆ, ಅದೂ ಹಾಗೆಯೇ. ಮೂರನೆಯದಕ್ಕೆ ಆ ಹೆಂಗಸು ನನ್ನ ಮುಂಗೈಯನ್ನು ಮೆಲ್ಲಗೆ ಹಿಡಿದರು. ಸ್ಟ್ಯಾಂಪನ್ನು ಮೇಲ್ಮುಖವಾಗಿ ತಿರುಗಿಸಿಟ್ಟು, ಪ್ಯಾಡನ್ನೇ ಅದರ ಮೇಲೆ ನಾಲ್ಕೈದು ಸಲ ತಟ್ಟಿದರು. ಆಮೇಲೆ ಸ್ಟ್ಯಾಂಪನ್ನು ಕಾಗದದ ಮೇಲೆ ಇಟ್ಟು, ಬೆರಳುಗಳಿಂದ ನಾಲ್ಕು ಮೂಲೆಗೂ ಸಮನಾಗಿ ಭಾರ ಬಿಟ್ಟು, ಅಲುಗಿಸದೆ ನೇರ ಮೇಲಕ್ಕೆ ಎತ್ತಿದರು. ಎಸಳಿನ ನರಗಳೂ ಬಂದಿದ್ದವು.

"ಇಟ್ಟು ಎತ್ತಬೇಕು, ಅಷ್ಟೆ" ಎಂಬ ಅರ್ಥದ ಒಂದು ಮಾತನ್ನು ಅವರು ಇಂಗ್ಲಿಷಿನಲ್ಲಿ ಹೇಳಿದರು. ಆ ಮಾತು ನನಗೆ ಹೊಸದಾಗಿರಲಿಲ್ಲ. ಐವತ್ತು ವರ್ಷದ ಹಿಂದೆ ನಂಜನಗೂಡಿನಲ್ಲಿ ನನ್ನ ತಾತ ಇದನ್ನೇ ಕನ್ನಡದಲ್ಲಿ ಹೇಳಿದ್ದರು.

ತಾತನ ಹತ್ತಿರ ಒಂದು ಮರದ ಪೆಟ್ಟಿಗೆ ಇತ್ತು. ಅದರಲ್ಲಿ ಐದು ಹಿತ್ತಾಳೆ ಮುದ್ರೆಗಳು: ಚಕ್ರ, ಶಂಖ, ಗದೆ, ಪದ್ಮ, ನಾರಾಯಣ. ಕಪಿಲೆಯಲ್ಲಿ ಮಿಂದು ಬಂದು ಒದ್ದೆ ಪಂಚೆಯಲ್ಲೇ ಕೂತು, ಎಡ ಅಂಗೈಯಲ್ಲಿ ಎರಡು ಹನಿ ನೀರು ಹಾಕಿಕೊಂಡು ಗೋಪಿಚಂದನದ ಗಟ್ಟಿಯನ್ನು ತೇಯುತ್ತಿದ್ದರು. ದ್ವಾದಶನಾಮ ಹಚ್ಚಿಕೊಂಡ ಮೇಲೆ ಮುದ್ರೆ. ಹೊಟ್ಟೆಗೆ, ಎದೆಗೆ, ತೋಳಿಗೆ ಒಂದೊಂದೇ ಇಟ್ಟು ಎತ್ತುತ್ತಿದ್ದರು. ಒಣಗಿದ ಮೇಲೆ ಆ ಹಳದಿ ಮಿಶ್ರಿತ ಬಿಳಿಯ ಗೆರೆಗಳು ಕೆತ್ತಿದಷ್ಟು ಚೂಪಾಗಿ ಕಾಣುತ್ತಿದ್ದವು. ಚಕ್ರದ ಅರೆಗಳನ್ನು ಎಣಿಸಬಹುದಿತ್ತು.

ಏಕಾದಶಿಯ ದಿನ ಮಕ್ಕಳಾದ ನಮಗೂ ಮುದ್ರೆಯ ಭಾಗ್ಯ. ಒಂದು ಸಲ ನಾನೇ ಇಟ್ಟುಕೊಳ್ಳುತ್ತೇನೆಂದು ಹಟ ಹಿಡಿದೆ. ಗೋಪಿಚಂದನ ಯಥೇಚ್ಛವಾಗಿ ಮೆತ್ತಿಕೊಂಡು, ಚಕ್ರವನ್ನು ತೋಳಿಗೆ ಬಲವಾಗಿ ಒತ್ತಿದೆ. ಎತ್ತಿದರೆ ಒಂದು ಬಿಳಿ ಚುಕ್ಕೆ, ಇಳಿದ ನೀರು. ತಾತ ನಗಲಿಲ್ಲ. "ಕೂಸೆ, ಗಂಧ ತೆಳುವಾದರೆ ಹರಿಯುತ್ತೆ, ಗಟ್ಟಿಯಾದರೆ ಗೆರೆ ತುಂಬಿಬಿಡುತ್ತೆ. ಹದ ನೋಡ್ಕೊ. ಆಮೇಲೆ ಒತ್ತಬೇಡ, ಇಡು. ಇಟ್ಟು ಎತ್ತು" ಎಂದರು. ನನ್ನ ತೋಳನ್ನು ಒರೆಸಿ, ಮುದ್ರೆಯನ್ನು ತೊಳೆದು, ಮತ್ತೆ ನನ್ನ ಕೈಗೇ ಕೊಟ್ಟರು.

ಆಷಾಢ ಶುದ್ಧ ಏಕಾದಶಿಗೆ ಮಠದಲ್ಲಿ ತಪ್ತಮುದ್ರಾಧಾರಣೆ. ಹೋಮದ ಕೆಂಡದಲ್ಲಿ ಕಾದ ಮುದ್ರೆಗಳನ್ನು ಸ್ವಾಮಿಗಳು ಬಲತೋಳಿಗೆ ಚಕ್ರ, ಎಡತೋಳಿಗೆ ಶಂಖ ಎಂದು ಇಡುತ್ತಾರೆ. ಸಾಲಿನಲ್ಲಿ ನಿಂತಾಗ ನನಗೆ ಕಾಲು ನಡುಗುತ್ತಿತ್ತು. ಹತ್ತಿರ ಹೋದಾಗ ಕಂಡದ್ದು ಸ್ವಾಮಿಗಳ ಮುಂಗೈ. ಅದು ಇಳಿದದ್ದೂ ಏರಿದ್ದೂ ಒಂದೇ ಚಲನೆಯಂತಿತ್ತು. ಒಂದು ಕ್ಷಣ ಹೆಚ್ಚು ತಡೆದರೆ ಚರ್ಮ ಸುಡುತ್ತದೆ, ಬೇಗ ಎತ್ತಿದರೆ ಗುರುತು ಬೀಳುವುದಿಲ್ಲ. ನೂರಾರು ತೋಳುಗಳ ಮೇಲೆ ಆ ಕೈ ತಪ್ಪಲಿಲ್ಲ. ಮುದ್ರೆ ಒತ್ತುವುದೆಂದರೇನು ಎಂದು ಇಂದು ಯಾರಾದರೂ ಕೇಳಿದರೆ ನನ್ನ ಮನಸ್ಸಿಗೆ ಮೊದಲು ಬರುವುದು ಆ ಕೈ.

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ನಾನು ಅದನ್ನು ಮರೆತಿದ್ದೆ. ಅಲ್ಲಿ ಸೀಲು ಬಿದ್ದಿದೆ ಎಂಬುದಷ್ಟೇ ಮುಖ್ಯ, ಹೇಗೆ ಬಿದ್ದಿದೆ ಎಂದು ಯಾರೂ ನೋಡುವುದಿಲ್ಲ. ಗ್ಯಾರೇಜಿನ ಮೇಜಿನ ಮುಂದೆ ಕೂತು ಆ ಮಧ್ಯಾಹ್ನ ನಾನು ಒಂದೇ ಗುಲಾಬಿಯನ್ನು ನಲವತ್ತು ಸಲ ಇಟ್ಟು ಎತ್ತಿದೆ.

ಆ ಮೇಜಿನಲ್ಲಿ ಕಂಡ ಇನ್ನೊಂದು ವಿದ್ಯೆಯನ್ನು ಹೇಳಲೇಬೇಕು. ಬೇಗ ಒಣಗದ, ಬಣ್ಣವಿಲ್ಲದ ಶಾಯಿಯಲ್ಲಿ ಚಿತ್ರ ಒತ್ತುತ್ತಾರೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಅದರ ಮೇಲೆ ನುಣ್ಣನೆಯ ಪುಡಿ ಉದುರಿಸಿ, ಕಾಗದವನ್ನು ಮಗುಚಿ ತಟ್ಟಿದರೆ ಶಾಯಿ ಇದ್ದಲ್ಲಿ ಮಾತ್ರ ಪುಡಿ ಉಳಿಯುತ್ತದೆ. ಬಿಸಿಗಾಳಿಯ ಗನ್ ಹಿಡಿದರೆ ಪುಡಿ ಕರಗಿ, ಮೈದುಂಬಿ, ಚಿನ್ನದ ಗೆರೆಯಾಗಿ ಎದ್ದು ನಿಲ್ಲುತ್ತದೆ. ಪಾಕ ಹದಕ್ಕೆ ಬರುವ ಕ್ಷಣದ ಹಾಗೆ ಅದು. ಮಂಕಾಗಿದ್ದದ್ದು ಥಟ್ಟನೆ ಹೊಳೆಯುತ್ತದೆ, ಆಗಲೇ ಗನ್ ಸರಿಸಬೇಕು. ತಡವಾದರೆ ಕಾಗದ ಕಂದಿ ಮುರುಟುತ್ತದೆ.

ಬೆಂಗಳೂರಿಗೆ ಹಿಂದಿರುಗುವಾಗ ಸೂಟ್‌ಕೇಸಿನಲ್ಲಿ ಒಂದು ಮೂಲೆ ತುಂಬ ಸ್ಟ್ಯಾಂಪುಗಳಿದ್ದವು. ಹನುಮಂತನಗರದ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಾಗ ತಿಳಿಯಿತು: ಹಿಮದ ಬೊಂಬೆ, ಕುಂಬಳಕಾಯಿ ದೀಪ, ಮೇಪಲ್ ಎಲೆ. ಯುಗಾದಿ ಹತ್ತಿರವಿತ್ತು. ಹಿಮದ ಬೊಂಬೆ ಒತ್ತಿ ಯಾರಿಗೆ ಯುಗಾದಿ ಶುಭಾಶಯ ಕಳಿಸಲಿ? ಕೈಗೆ ಕಸುಬು ಬಂದಿತ್ತು, ಒತ್ತಲು ನನ್ನದು ಅನ್ನುವ ಚಿತ್ರವೇ ಇರಲಿಲ್ಲ.

ಹೀಗೆ ಶುರುವಾಯಿತು ಕೆತ್ತುವ ಕೆಲಸ. ನನ್ನ ಮಟ್ಟಿಗೆ ಹವ್ಯಾಸ ಹುಟ್ಟಿದ್ದು ನ್ಯೂಜೆರ್ಸಿಯಲ್ಲಲ್ಲ, ಬೀದಿ ತುದಿಯ ಸ್ಟೇಷನರಿ ಅಂಗಡಿಯಲ್ಲಿ. ಹತ್ತು ಅಪ್ಸರಾ ನಾನ್‌ಡಸ್ಟ್ ರಬ್ಬರ್ ಕೊಂಡೆ, ಒಂದು ಪೇಪರ್ ಕಟರ್, ಶಾಲೆಯ ಮಕ್ಕಳು ಬಳಸುವ ಒಂದು ಲಿನೋ ಕಟರ್. ಹಳೆಯ ಕಾಲದ ಒರಟು ರಬ್ಬರ್ ಪುಡಿಪುಡಿಯಾಗುತ್ತದೆ. ಈ ಬಿಳಿ ಮೆತ್ತನೆಯದು ಗಿಣ್ಣಿನ ಹಾಗೆ ಕತ್ತರಿಸಿಕೊಳ್ಳುತ್ತದೆ.

ಮೊದಲು ಕೆತ್ತಿದ್ದು ಮಾವಿನೆಲೆ. ಎಲೆಯ ಅಂಚಿನ ಸುತ್ತ ಕತ್ತಿಯನ್ನು ಒಳಮುಖವಾಗಿ ಓರೆ ಮಾಡಿ ಕೊರೆದುಬಿಟ್ಟೆ. ನೋಡಲು ಚೆನ್ನಾಗಿಯೇ ಇತ್ತು. ಎರಡು ಸಲ ಒತ್ತುವಷ್ಟರಲ್ಲಿ ಅಂಚು ಬಾಗಿ, ಆಮೇಲೆ ಹರಿದೇ ಹೋಯಿತು. ಗೆರೆಯ ಬುಡ ಅದರ ತಲೆಗಿಂತ ಅಗಲವಾಗಿರಬೇಕು, ಹೊಲದ ಬದುವಿನ ಹಾಗೆ. ಅಂದರೆ ಕತ್ತಿ ಯಾವಾಗಲೂ ಗೆರೆಯಿಂದ ಆಚೆಗೆ ಓರೆಯಾಗಬೇಕು. ಎರಡನೆಯದು ಬೇವಿನೆಲೆ. ಅದರ ಹಲ್ಲುಹಲ್ಲಾದ ಅಂಚಿಗೆ ಸಣ್ಣ ಸಣ್ಣ ಮೂಲೆ ಕಚ್ಚುಗಳು ಸಾಕಾಗುವುದರಿಂದ ಮಾವಿಗಿಂತ ಸುಲಭವಾಗಿಯೇ ಬಂತು.

ಅಕ್ಷರಕ್ಕೆ ಕೈ ಹಾಕಿದಾಗ ನಿಜವಾದ ಪರೀಕ್ಷೆ. 'ಶುಭಾಶಯ' ಎಂದು ನೇರವಾಗಿ ಬರೆದು ಕೆತ್ತಿದೆ. ಒತ್ತಿದರೆ ಕನ್ನಡಿಯಲ್ಲಿ ಕಂಡ ಹಾಗೆ ಬಂತು. ಬಲ ಎಡವಾಗುತ್ತದೆ ಎಂಬುದು ನನಗೆ ಗೊತ್ತಿರದ ಸಂಗತಿಯೇನೂ ಆಗಿರಲಿಲ್ಲ. ಮತಪತ್ರದ ಕಾಲದಲ್ಲಿ ಬ್ಯಾಂಕಿನಿಂದ ನಮ್ಮನ್ನು ಚುನಾವಣಾ ಕೆಲಸಕ್ಕೆ ಹಾಕುತ್ತಿದ್ದರು. ತರಬೇತಿಯಲ್ಲಿ ಮತ ಒತ್ತುವ, ಬಾಣದ ತುದಿಗಳ ಅಡ್ಡಗುರುತಿನ ಸೀಲನ್ನು ತೋರಿಸಿ ಹೇಳಿದ್ದು ಇಂದಿಗೂ ನೆನಪಿದೆ. ಮತದಾರರು ಕಾಗದ ಮಡಿಸಿದಾಗ ಹಸಿ ಶಾಯಿ ಇನ್ನೊಬ್ಬ ಅಭ್ಯರ್ಥಿಯ ಚಿಹ್ನೆಯ ಮೇಲೂ ಅಂಟಬಹುದು. ಬರೀ ಗುಣಾಕಾರ ಚಿಹ್ನೆಯಾಗಿದ್ದರೆ ಯಾವುದು ಮೂಲ, ಯಾವುದು ನೆರಳು ಎಂದು ತಿಳಿಯದು. ಈ ಗುರುತಿನ ತೋಳುಗಳು ಒಂದೇ ದಿಕ್ಕಿಗೆ ಬಾಗಿರುವುದರಿಂದ ನೆರಳಿನಲ್ಲಿ ಅವು ಉಲ್ಟಾ ತಿರುಗುತ್ತವೆ. ಎಣಿಸುವವರಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಮತಪತ್ರವನ್ನು ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ ಮಡಿಸಿ ಎಂದು ನಾವು ಹಳ್ಳಿಯ ಶಾಲೆಯ ಕೋಣೆಯಲ್ಲಿ ನಿಂತು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆವು. ಒಂದು ಮತವನ್ನು ಕಾಯುವಷ್ಟು ವಿಚಾರ ಆ ಪುಟ್ಟ ಸೀಲಿನ ಬಾಗಿದ ತೋಳುಗಳಲ್ಲಿತ್ತು. ಅದನ್ನು ಯೋಚಿಸಿ ರೂಪಿಸಿದವರ ಬಗ್ಗೆ ನನಗೆ ಗೌರವವಿದೆ.

ಅಕ್ಷರಕ್ಕೆ ದಾರಿ ಸುಲಭವಾಗಿಯೇ ಸಿಕ್ಕಿತು. ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ ನೇರವಾಗಿ ಬರೆದು, ಅದನ್ನು ರಬ್ಬರಿನ ಮೇಲೆ ಕವುಚಿ, ಉಗುರಿನಿಂದ ಉಜ್ಜಿದರೆ ಅಕ್ಷರ ತಾನಾಗಿ ತಿರುಗಿ ಕೂರುತ್ತದೆ. ಆದರೆ ಕೆತ್ತುವುದು ಸುಲಭವಲ್ಲ. ಕನ್ನಡದ ಅಕ್ಷರಗಳಲ್ಲಿ ನೆಟ್ಟನೆಯ ಗೆರೆಯೇ ಅಪರೂಪ, ಎಲ್ಲ ಬಳಸು, ಎಲ್ಲ ತಿರುವು. ಕತ್ತಿ ತಿರುಗಿಸಹೋದರೆ ಜಾರುತ್ತದೆ. ಕತ್ತಿ ಹಿಡಿದ ಕೈಯನ್ನು ಸ್ಥಿರವಾಗಿಟ್ಟು, ಇನ್ನೊಂದು ಕೈಯಿಂದ ರಬ್ಬರನ್ನೇ ತಿರುಗಿಸಬೇಕು. 'ಠ' ಕೆತ್ತುವುದು ಅಂದರೆ ರಬ್ಬರ್ ಪೂರ್ತಿ ಒಂದು ಸುತ್ತು ಬರುವುದು. ಒತ್ತಕ್ಷರದ ಹೊಟ್ಟೆ, ತಲೆಕಟ್ಟಿನ ಪುಟ್ಟ ಕೊಕ್ಕೆ, ಇವನ್ನು ಕಾಯ್ದುಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು. ಐವತ್ತೈದು ವರ್ಷದಿಂದ ಬರೆಯುತ್ತಿದ್ದ ಲಿಪಿಯನ್ನು ನಾನು ನಿಜವಾಗಿ ನೋಡಿದ್ದು ಆ ಎರಡು ತಿಂಗಳಲ್ಲಿ.

ಶಾಯಿಯ ವಿಷಯದಲ್ಲೂ ಎಡವಿದೆ. ಮನೆಯಲ್ಲಿ ಹೇಗೂ ಇದೆಯಲ್ಲ ಎಂದು ಆಫೀಸಿನ ನೇರಳೆ ಪ್ಯಾಡನ್ನು ಬಳಸಿ ಇಪ್ಪತ್ತು ಕಾರ್ಡ್ ಒತ್ತಿಟ್ಟೆ. ಪ್ಯಾಡು ಒಣಗದಿರಲೆಂದು ಅದರ ಶಾಯಿಗೆ ಗ್ಲಿಸರಿನ್ ಸೇರಿಸಿರುತ್ತಾರೆ. ಕಾಗದದ ಮೇಲೂ ಅದು ಬೇಗ ಒಣಗುವುದಿಲ್ಲ. ಬೆಳಿಗ್ಗೆ ನೋಡಿದರೆ ಬೇವಿನೆಲೆಗಳು ಉಬ್ಬಿ, ಒಂದು ಕಾರ್ಡಿನ ಬೆನ್ನಿಗೆ ಇನ್ನೊಂದರ ಬಣ್ಣ ಹತ್ತಿತ್ತು. ಇಪ್ಪತ್ತನ್ನೂ ಎಸೆದೆ. ಈ ಹವ್ಯಾಸಕ್ಕೆ ಎರಡು ಬಗೆಯ ಶಾಯಿ ತಿಳಿದರೆ ಸಾಕು. ಡೈ ಇಂಕ್ ಕಾಗದದೊಳಗೆ ಇಳಿದು ನಿಮಿಷದಲ್ಲಿ ಒಣಗುತ್ತದೆ, ಗೆರೆ ಸಣ್ಣಗೆ ನಿಲ್ಲುತ್ತದೆ. ಪಿಗ್ಮೆಂಟ್ ಇಂಕ್ ಮೇಲೆಯೇ ಕೂತು ನಿಧಾನವಾಗಿ ಒಣಗುತ್ತದೆ, ಬಣ್ಣ ತುಂಬಾ ಗಾಢ, ಪುಡಿ ಕರಗಿಸುವ ಕೆಲಸಕ್ಕೆ ಅದೇ ಬೇಕು. ಶುರು ಮಾಡುವವರಿಗೆ ಒಂದು ಕಪ್ಪು ಡೈ ಪ್ಯಾಡು ಧಾರಾಳ. ನಾನು ಒಂದು ವರ್ಷ ಅದೊಂದರಲ್ಲೇ ಕಳೆದೆ, ಬಣ್ಣ ಬೇಕಾದಲ್ಲಿ ಮಕ್ಕಳ ಕಲರ್ ಪೆನ್ಸಿಲ್ ಹಚ್ಚಿದೆ.

ಕಾಗದಕ್ಕೆ ಸುಲ್ತಾನ್‌ಪೇಟೆ. ಲಗ್ನಪತ್ರಿಕೆಯ ಅಂಗಡಿಗಳ ಸಾಲಿನಲ್ಲಿ ಬೆರಳಾಡಿಸಿ ನೋಡಿ ಆರಿಸುವ ಸುಖವೇ ಬೇರೆ. ಕೈಕಾಗದ ನೋಡಲು ಚೆಂದ, ಆದರೆ ಅದರ ಉಬ್ಬುತಗ್ಗಿನಲ್ಲಿ ಸಣ್ಣ ಗೆರೆ ಮುರಿಯುತ್ತದೆ. ಹೊಳಪಿನ ಕಾಗದದ ಮೇಲೆ ಡೈ ಇಂಕ್ ಜಾರುತ್ತದೆ. ಮಟ್ಟಸವಾದ, ಹೊಳಪಿಲ್ಲದ, 250ರಿಂದ 300 ಜಿಎಸ್‌ಎಂ ತೂಕದ ಹಾಳೆ ಕಾರ್ಡಿಗೆ ಸರಿ. ಅಮೆರಿಕದ ಅಳತೆಗಳನ್ನು ಅಲ್ಲೇ ಬಿಟ್ಟುಬಿಡಿ. ನಮ್ಮ ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಒಂದು ಸಲ ಮಡಿಸಿದರೆ ಅಂಗೈಗೆ ಒಪ್ಪುವ ಎ6 ಕಾರ್ಡು, ಚೂರೂ ವ್ಯರ್ಥವಿಲ್ಲ.

ಹಾಗೆ ಕಾಗದ ತರಲು ಹೋದಾಗಲೇ ಅವೆನ್ಯೂ ರಸ್ತೆಯ ಒಂದು ಓಣಿಯಲ್ಲಿ ಸೀಲು ತಯಾರಿಸುವ ಹಳಬರೊಬ್ಬರ ಪರಿಚಯವಾಯಿತು. ಮೂಲೆಯಲ್ಲಿ ಬಳಕೆ ತಪ್ಪಿದ ಕಬ್ಬಿಣದ ತಿರುಪು ಪ್ರೆಸ್ ಇತ್ತು. ಸೀಸದ ಮೊಳೆಗಳನ್ನು ಜೋಡಿಸಿ, ಅದರಿಂದ ಅಚ್ಚು ತೆಗೆದು, ಅದರೊಳಗೆ ಹಸಿ ರಬ್ಬರ್ ಇಟ್ಟು, ಕಾಯಿಸಿ ಒತ್ತಿ ಬೇಯಿಸುತ್ತಿದ್ದ ಕಾಲವನ್ನು ಅವರು ಹೇಳುತ್ತ ಹೋದರು. ರಬ್ಬರನ್ನು ಗಂಧಕದ ಜೊತೆ ಬೇಯಿಸಿದರೆ ಬಿಸಿಲಿಗೆ ಅಂಟದೆ ಚಳಿಗೆ ಬಿರಿಯದೆ ಉಳಿಯುತ್ತದೆ ಎಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ದಂತವೈದ್ಯರು ಅದೇ ವಿಧಾನದಿಂದ ಕಟ್ಟುಹಲ್ಲಿನ ವಸಡನ್ನು ಸಣ್ಣ ಪಾತ್ರೆಗಳಲ್ಲಿ ಬೇಯಿಸತೊಡಗಿದರು. 1860ರ ದಶಕದ ಮೊದಮೊದಲ ಸೀಲು ತಯಾರಕರು ಬಳಸಿದ್ದು ಆ ಹಲ್ಲಿನ ಪಾತ್ರೆಗಳನ್ನೇ. ಇದನ್ನು ನಾನು ಓದಿ ತಿಳಿದಿದ್ದೆ. ಹೇಳಿದಾಗ ಅವರು ಪ್ರೆಸ್ಸಿನ ಮೇಲಿನ ಧೂಳನ್ನು ಒರೆಸಿ, "ವಾಸನೆ ಮಾತ್ರ ಇನ್ನೂ ಮೂಗಲ್ಲಿದೆ ತಾಯಿ" ಎಂದರು.

ಈಗ ಅವರ ಕೆಲಸ ಬೆಳಕಿನದು. ಕಪ್ಪು ಬಿಳುಪು ಚಿತ್ರದ ನೆಗೆಟಿವ್ ತೆಗೆದು, ಅದರ ಮೇಲೆ ಜೇನಿನಂಥ ದ್ರವ ಪಾಲಿಮರ್ ಹರಡಿ ಅತಿನೇರಳೆ ಬೆಳಕಿಗೆ ಹಿಡಿದರೆ, ಬೆಳಕು ತಾಗಿದ್ದು ಗಟ್ಟಿಯಾಗುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ನ್ಯೂಜೆರ್ಸಿಯಲ್ಲಿ ಕಂಡ ಪಾರದರ್ಶಕ ಸ್ಟ್ಯಾಂಪು ಇದೇ! ನಮ್ಮ ಊರೂರಿನ ಸೀಲು ಅಂಗಡಿಗಳಲ್ಲಿ ಇದು ನಡೆಯುತ್ತಲೇ ಇದೆ, ಆದರೆ 'ಅಧ್ಯಕ್ಷರು', 'ಕಾರ್ಯದರ್ಶಿ' ಎಂಬ ಪದಗಳ ಹೊರತು ಬೇರೇನನ್ನೂ ನಾವು ಅವರಿಂದ ಕೇಳುವುದಿಲ್ಲ. ನಾನು ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ನಂಜನಗೂಡಿನ ನಮ್ಮ ಮನೆಯ ಜಗಲಿ ಕಂಬವನ್ನು ಬರೆದುಕೊಟ್ಟೆ. ಮರುದಿನ ಅದು ಸ್ಟ್ಯಾಂಪಾಗಿ ಬಂತು. ಅಂಗಡಿಯವರೇ ಒಂದು ಒತ್ತಿಸಿಕೊಂಡು ಗಾಜಿನ ಕೆಳಗೆ ಇಟ್ಟುಕೊಂಡರು.

ಬೇಸಿಗೆಗೆ ಮೊಮ್ಮಗ ಬಂದಾಗ ಕತ್ತಿ ಕೊಡುವ ಹಾಗಿಲ್ಲ, ಅಡುಗೆಮನೆಯಿಂದಲೇ ಶುರು. ಬೆಂಡೆಕಾಯಿಯನ್ನು ಅಡ್ಡ ಕತ್ತರಿಸಿದರೆ ಐದು ಕೋಣೆಗಳ ಹೂವು, ಹಾಗಲಕಾಯಿಗೆ ಅಲೆಯಲೆಯ ಅಂಚು, ಬಾಳೆದಿಂಡಿಗೆ ಉಂಗುರಗಳು. ಒಂದೇ ಗುಟ್ಟು: ಕತ್ತರಿಸಿದ ಮುಖವನ್ನು ಬಟ್ಟೆಯ ಮೇಲಿಟ್ಟು ನೀರು ಆರಿಸಿಕೊಳ್ಳಬೇಕು. ಅವನು ಮೊದಲ ಬೆಂಡೆಯನ್ನು ಮೇಜು ಅಲುಗುವಂತೆ ಬಡಿದ. ನಾನು ಅವನ ಮುಂಗೈ ಹಿಡಿದೆ. "ಇಡು ಪುಟ್ಟ. ಇಟ್ಟು ಎತ್ತು."

ತಾತನ ಪೆಟ್ಟಿಗೆ ಈಗ ನನ್ನ ಹತ್ತಿರವಿದೆ. ಆ ಚಕ್ರವನ್ನು ಕಾರ್ಡಿನ ಮೇಲೆ ಒತ್ತಿದರೆ ಎಷ್ಟು ಚೆನ್ನ ಎಂದು ಮಗಳು ಒಮ್ಮೆ ಹೇಳಿದಳು. ನಾನು ಒಪ್ಪಲಿಲ್ಲ. ಗೋಪಿಚಂದನ ಕಂಡ ಮುದ್ರೆಯನ್ನು ಶಾಯಿಗೆ ತಾಗಿಸಲು ಮನಸ್ಸು ಬರಲಿಲ್ಲ, ಬರುವುದೂ ಇಲ್ಲ. ಕೆತ್ತಲು ಕೂರುವ ಮುಂಚೆ ಒಂದು ಸಲ ಪೆಟ್ಟಿಗೆ ತೆರೆದು ನೋಡುತ್ತೇನೆ. ಹಿತ್ತಾಳೆಯಲ್ಲಿ ಅಷ್ಟು ಸಣ್ಣ ಅರೆಗಳನ್ನು ಕೊರೆದ ಹೆಸರಿಲ್ಲದ ಆ ಕಂಚುಗಾರನ ಕೈ ನನ್ನದಕ್ಕಿಂತ ಬಹಳ ದೊಡ್ಡದು.

ರಬ್ಬರಿಗೆ ಹಿತ್ತಾಳೆಯ ಬಾಳಿಕೆಯಿಲ್ಲ. ಕೆತ್ತಿದ ರಬ್ಬರುಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬೇಡಿ, ಕೆಲವು ತಿಂಗಳಲ್ಲಿ ಡಬ್ಬಿಗೇ ಅಂಟಿ ಕರಗುತ್ತವೆ. ನನ್ನ ಮೊದಲ ಬೇವಿನೆಲೆ ಹಾಗೇ ಹೋಯಿತು. ಕಾಗದದಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿ ಇಡಿ.

ಆ ಮೊದಲ ಯುಗಾದಿಗೆ ನಾನು ಕಳಿಸಿದ್ದು ಹದಿನಾಲ್ಕು ಕಾರ್ಡು. ಅಂಚೆ ಪೆಟ್ಟಿಗೆಗೆ ಹಾಕದೆ, ಕಚೇರಿಗೇ ಹೋಗಿ ಕಿಟಕಿಯಲ್ಲಿ ಕೊಟ್ಟೆ. ಒಳಗೆ ಒಬ್ಬ ಹುಡುಗಿ ಸೀಲು ಹಾಕುತ್ತಿದ್ದಳು. ಟಪ್, ಧಡ್. ನಂಜನಗೂಡಿನಲ್ಲಿರುವ ಚಿಕ್ಕಮ್ಮನಿಗೆ ಆಗ ಎಂಬತ್ತಾರು. ಕಾರ್ಡ್ ಮುಟ್ಟಿದ ದಿನ ಫೋನ್ ಮಾಡಿಸಿ, "ಇದನ್ನ ಅಂಗಡೀಲಿ ತಂದಿದ್ದಲ್ಲ ಅಲ್ವೇನೆ, ಎಲೆ ಪಕ್ಕ ನಿನ್ನ ಬೆರಳು ಬಿದ್ದಿದೆ" ಎಂದರು. ಮಾವಿನೆಲೆಯ ಪಕ್ಕದಲ್ಲಿ ನನ್ನ ಹೆಬ್ಬೆರಳಿನ ಗುರುತು ಕಪ್ಪಗೆ ಬಿದ್ದಿದ್ದನ್ನು ನಾನು ಗಮನಿಸಿರಲಿಲ್ಲ.

ನೀವೂ ಮಾಡಿನೋಡಿ. ಒಂದು ರಬ್ಬರ್, ಒಂದು ಕಟರ್, ಒಂದು ಕಪ್ಪು ಡೈ ಪ್ಯಾಡು. ಮೊದಲ ಎಲೆಯನ್ನು ಪೋಸ್ಟ್‌ಕಾರ್ಡಿನ ಮೇಲೆಯೇ ಒತ್ತಿ. ಅದರ ಒರಟು ಹಳದಿ ಕಾಗದ ಡೈ ಇಂಕನ್ನು ಚೆನ್ನಾಗಿ ಹಿಡಿಯುತ್ತದೆ. ಒತ್ತಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಊರಿನಲ್ಲಿರುವ ಹಿರಿಯರೊಬ್ಬರ ವಿಳಾಸ ಬರೆದು ಅಂಚೆಗೆ ಹಾಕಿ.